ಮಣ್ಣಿನ ಗೋಡೆ: ತಡೆ ಅಲ್ಲ, ತಡ

ಮಣ್ಣಿನ ಮನೆ ತಂಪು ಅಂತ ಎಲ್ಲರಿಗೂ ಗೊತ್ತು. ಯಾಕೆ ತಂಪು ಅನ್ನುವಲ್ಲಿ ನಾನು ಮೂರು ದಿನ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನನ್ನ ತಪ್ಪು

ನೋಟ್ಸ್‌ನಲ್ಲಿ ನಾನೇ ಬರೆದುಕೊಂಡಿದ್ದೆ: "ಮಣ್ಣು ಒಳ್ಳೆಯ ಇನ್ಸುಲೇಟರ್, ಶಾಖವನ್ನು ತಡೆಯುತ್ತದೆ." ಆದರೆ ಚಳ್ಳಕೆರೆ ಕಡೆಯ ನಮ್ಮ ಅಜ್ಜಿಯ ಮಾಳಿಗೆ ಮನೆ, ಅಂದರೆ ಮಣ್ಣು ಹಾಸಿದ ಸಪಾಟು ಸೂರಿನ ಮನೆ, ನೆನಪಾಯಿತು. ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಒಳಗೆ ಕಾಲಿಟ್ಟರೆ ಹಾಯ್ ಅನಿಸುತ್ತದೆ. ಅದೇ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಜಂತೆಯ ಕಡೆಯಿಂದ ಕಾವು ಇಳಿಯುತ್ತದೆ. ಎಲ್ಲರೂ ಚಾಪೆ, ಕಂಬಳಿ ಎತ್ತಿಕೊಂಡು ಮಾಳಿಗೆ ಹತ್ತುತ್ತೇವೆ. ಮಣ್ಣು ಶಾಖವನ್ನು ತಡೆಯುವುದು ನಿಜವಾದರೆ, ಆ ಹೊತ್ತಿನಲ್ಲಿ ಕಾವು ಎಲ್ಲಿಂದ ಬಂತು?

ಉತ್ತರ ಒಂದೇ ಅಕ್ಷರದಲ್ಲಿದೆ. ಮಣ್ಣು ಶಾಖಕ್ಕೆ ತಡೆ ಅಲ್ಲ, ತಡ. ಅದು ಶಾಖವನ್ನು ನಿಲ್ಲಿಸುವುದಿಲ್ಲ, ತಡ ಮಾಡುತ್ತದೆ. ಇದನ್ನೇ ಟೈಮ್ ಲ್ಯಾಗ್ ಅನ್ನುತ್ತಾರೆ. ಥರ್ಮೋಕೋಲ್ ಇನ್ಸುಲೇಟರ್. ಮಣ್ಣು ಹಾಗಲ್ಲ, ಅದು ಶಾಖದ ಉಗ್ರಾಣ.

ತಡ ಹೇಗೆ ಆಗುತ್ತದೆ

ಇಲ್ಲೇ ನಾನು ಎಡವಿದ್ದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಆರ್‌ಸಿಸಿ ಹಾಕುವಾಗ ಜನ ಸಾಲಾಗಿ ನಿಂತು ಬಾಂಡ್ಲಿ ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ವಾ? ಗೋಡೆಯನ್ನು ಅಂಥ ಸಾಲು ಅಂದುಕೊಳ್ಳಿ. ಆದರೆ ಇಲ್ಲೊಂದು ನಿಯಮ ಇದೆ. ಪ್ರತಿಯೊಬ್ಬನೂ ಮೊದಲು ತನ್ನ ಕೈ ತುಂಬಿಸಿಕೊಳ್ಳಬೇಕು, ಆಮೇಲೆ ಮುಂದಿನವನಿಗೆ ಕೊಡಬೇಕು. ಮಣ್ಣಿನ ಪ್ರತಿ ಪದರವೂ ಹೀಗೆಯೇ. ತಾನು ಬಿಸಿಯಾದ ಮೇಲಷ್ಟೇ ಒಳಗಿನ ಪದರಕ್ಕೆ ಶಾಖ ದಾಟುತ್ತದೆ. ದಪ್ಪ ಜಾಸ್ತಿಯಾದಷ್ಟೂ ಸಾಲು ಉದ್ದ.

ಅಷ್ಟರಲ್ಲಿ ಸಂಜೆ ಆಗುತ್ತದೆ. ಹೊರಗಿನ ಗಾಳಿ ತಣ್ಣಗಾಗುತ್ತದೆ. ಹೊರಮೈ ಹತ್ತಿರದ ಪದರಗಳು ಹಿಡಿದಿಟ್ಟಿದ್ದ ಶಾಖ ಈಗ ಒಳಗೆ ಹೋಗುವ ಬದಲು ಹೊರಗೇ ವಾಪಸ್ ಹೋಗುತ್ತದೆ. ಇದು ನನಗೆ ಹೊಳೆದಿರಲಿಲ್ಲ. ಶಾಖ ಒಂದೇ ದಿಕ್ಕಿಗೆ ಹರಿಯುತ್ತದೆ ಅಂದುಕೊಂಡಿದ್ದೆ. ಒಳಗೆ ಬಂದು ಮುಟ್ಟುವ ಏರಿಳಿತ ತುಂಬಾ ಸಣ್ಣದು, ಅದೂ ತಡವಾಗಿ.

ನನ್ನ ಅಡ್ಡದಾರಿ ಲೆಕ್ಕ ಇದು: ಮಣ್ಣಿನಲ್ಲಿ ಒಂದು ಅಂಗುಲಕ್ಕೆ ಸುಮಾರು 50 ನಿಮಿಷ. ಒಂದು ಅಡಿ ಗೋಡೆಗೆ 12 × 50 = 600 ನಿಮಿಷ, ಅಂದರೆ 10 ಗಂಟೆ. ಮಧ್ಯಾಹ್ನ ಮೂರರ ಬಿಸಿ ಒಳಮೈಗೆ ಬರುವುದು ರಾತ್ರಿ ಒಂದಕ್ಕೆ. ಮಣ್ಣಿನ ತೇವ, ಸಾಂದ್ರತೆ ನೋಡಿಕೊಂಡು ಇದು ಹೆಚ್ಚು ಕಡಿಮೆ ಆಗುತ್ತದೆ, ಆದರೆ ಅಂದಾಜಿಗೆ ಸಾಕು. ಕಾಂಕ್ರೀಟಿನಲ್ಲಿ ಶಾಖ ಇನ್ನೂ ಬೇಗ ಸಾಗುತ್ತದೆ. ದಾವಣಗೆರೆಯಲ್ಲಿ ನನ್ನ ಬಾಡಿಗೆ ರೂಮಿನ ಗೋಡೆ 6 ಅಂಗುಲದ ಗಟ್ಟಿ ಸಿಮೆಂಟ್ ಬ್ಲಾಕ್. ಸುಮಾರು ನಾಲ್ಕೇ ಗಂಟೆ. ಸರಿಯಾಗಿ ಸಂಜೆ ಏಳಕ್ಕೆ ಓದಲು ಕೂತಾಗ ಗೋಡೆ ಬೆಚ್ಚಗಿರುತ್ತದೆ!

ಈಗ ಅಜ್ಜಿಯ ಮಾಳಿಗೆ. ತೊಲೆ, ಜಂತೆ, ಅದರ ಮೇಲೆ ಸುಮಾರು 9 ಅಂಗುಲ ಮಣ್ಣು. 9 × 50 = 450 ನಿಮಿಷ, ಏಳೂವರೆ ಗಂಟೆ. ಮಾಳಿಗೆ ಜಾಸ್ತಿ ಕಾಯುವುದು ಮಧ್ಯಾಹ್ನ ಒಂದರ ಸುಮಾರಿಗೆ. ಕೂಡಿಸಿದರೆ ರಾತ್ರಿ ಎಂಟೂವರೆ. ನಾವು ಚಾಪೆ ಎತ್ತುವ ಹೊತ್ತು ಅದೇ. ಮೇಲ್ಮೈ ಅಷ್ಟರಲ್ಲಿ ತೆರೆದ ಆಕಾಶಕ್ಕೆ ತನ್ನ ಶಾಖ ಬಿಟ್ಟುಕೊಟ್ಟು ತಣ್ಣಗಾಗಿರುತ್ತದೆ. ರಾತ್ರಿ ಬೆಳಕಿಂಡಿಯ ಮುಚ್ಚಳ ತೆಗೆಯುವುದೂ ಇದಕ್ಕೇ. ಒಳಗಿನ ಬಿಸಿ ಗಾಳಿ ಮೇಲಕ್ಕೆ ಹೋಗಿಬಿಡಲಿ ಅಂತ. ಅಜ್ಜಿಗೆ ಈ ಸೂತ್ರ ಯಾರೂ ಹೇಳಿಕೊಟ್ಟಿಲ್ಲ, ಆದರೂ ಹೊತ್ತು ತಪ್ಪುವುದಿಲ್ಲ. ಲೆಕ್ಕ ತಾಳೆಯಾದಾಗ ನನಗೆ ಮೈ ಜುಮ್ಮೆಂದಿತು.

ಎಲ್ಲಿ ಕೆಲಸ ಮಾಡುತ್ತದೆ

ಮಣ್ಣು ದಿನದ ಸರಾಸರಿಯನ್ನು ಇಳಿಸುವುದಿಲ್ಲ, ಏರಿಳಿತವನ್ನಷ್ಟೇ ಸಪಾಟು ಮಾಡುತ್ತದೆ. ಹಗಲು 38, ರಾತ್ರಿ 24 ಡಿಗ್ರಿ ಅಂತ ಇಟ್ಟುಕೊಳ್ಳಿ. ಒಳಗೆ 31ರ ಆಸುಪಾಸು ಇರುತ್ತದೆ. ಹಗಲಿಗೂ ರಾತ್ರಿಗೂ ಅಂತರ ಜಾಸ್ತಿ ಇದ್ದಲ್ಲಿ ಲಾಭ ಜಾಸ್ತಿ. ಕರಾವಳಿಯಲ್ಲಿ ರಾತ್ರಿಯೂ ಸೆಕೆ, ಅಲ್ಲಿ ತಡ ಮಾಡಿ ಹೆಚ್ಚು ಪ್ರಯೋಜನ ಇಲ್ಲ, ಗಾಳಿ ಆಡಬೇಕು.

ಹಾಗಾಗಿ ಒಣ ಸೀಮೆಗಳಲ್ಲೇ ದಪ್ಪ ಮಣ್ಣಿನ ಊರುಗಳು ಎದ್ದು ಕಾಣುತ್ತವೆ. ಯೆಮೆನ್‌ನ ಶಿಬಾಮ್‌ನಲ್ಲಿ ಹಸಿ ಇಟ್ಟಿಗೆಯ ಬಹುಮಹಡಿ ಮನೆಗಳಿವೆ. ಅವುಗಳ ಗೋಡೆ ಕೆಳಗೆ ದಪ್ಪ, ಮೇಲೆ ಹೋದಂತೆ ತೆಳು. 1982ರಲ್ಲಿ ಆ ಊರು ಯುನೆಸ್ಕೋ ಪಟ್ಟಿ ಸೇರಿತು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಟಾವೋಸ್ ಪ್ಯೂಬ್ಲೊ ಇದೆ, ಮೊರಾಕ್ಕೋದಲ್ಲಿ ಐತ್ ಬೆನ್‌ಹದ್ದೂ ಇದೆ.

ಕಟ್ಟುವ ಬಗೆ

ಇದು ಸುಲಭ, ಬೇಗ ಮುಗಿಸುತ್ತೇನೆ. ಅಚ್ಚಿಗೆ ಹಾಕಿ ಬಿಸಿಲಲ್ಲಿ ಒಣಗಿಸಿದರೆ ಹಸಿ ಇಟ್ಟಿಗೆ, ಅಂದರೆ ಅಡೋಬಿ. ಹಲಗೆಗಳ ನಡುವೆ ಮಣ್ಣು ತುಂಬಿ ದಮ್ಮಸು ಮಾಡಿದರೆ ರ‍್ಯಾಮ್ಡ್ ಅರ್ಥ್, ಚೀನಾದ ಫುಜಿಯಾನ್‌ನ ದುಂಡನೆಯ ತುಲೌ ಮನೆಗಳ ಹಾಗೆ. ಹುಲ್ಲು ಕಲಸಿದ ಮಣ್ಣನ್ನು ಮುದ್ದೆ ಮಾಡಿ ಪೇರಿಸಿದರೆ ಕಾಬ್, ಇಂಗ್ಲೆಂಡಿನ ಡೆವನ್‌ನಲ್ಲಿ ಈಗಲೂ ಜನ ವಾಸಿಸುತ್ತಾರೆ. ಕಡ್ಡಿಯ ತಡಿಕೆಗೆ ಮಣ್ಣು ಮೆತ್ತಿದರೆ ನಾಲ್ಕನೆಯದು. ಅದು ತೆಳು, ಹಾಗಾಗಿ ಮೇಲಿನ ಲೆಕ್ಕ ಅದಕ್ಕೆ ನಡೆಯುವುದಿಲ್ಲ.

ನೀರು

ಮಣ್ಣಿನ ಶತ್ರು ನೀರು. ಮಾಲಿ ದೇಶದ ಜೆನ್ನೆಯಲ್ಲಿರುವ ದೊಡ್ಡ ಮಸೀದಿಯ ಈಗಿನ ಕಟ್ಟಡ 1907ರದ್ದು. ಪ್ರತಿ ವರ್ಷ ಊರವರೆಲ್ಲ ಸೇರಿ ಹೊಸ ಮಣ್ಣು ಮೆತ್ತುತ್ತಾರೆ. ಗೋಡೆಯಿಂದ ಹೊರಚಾಚಿದ ಕಟ್ಟಿಗೆಗಳೇ ಹತ್ತಲು ಅಟ್ಟಣಿಗೆ. ಚಿತ್ರದುರ್ಗದ ಕೋಟೆಯೊಳಗೂ ಮಣ್ಣಿನ ಗೋಡೆಗಳು ಸೂರಿಲ್ಲದೆ ನಿಂತಿವೆ. ನಮ್ಮಲ್ಲಿ ಮಳೆ ಕಡಿಮೆ ಇರುವುದೂ ಅವುಗಳ ಪುಣ್ಯ.

ಮಳೆಗಾಲಕ್ಕೆ ಮೊದಲು ಅಜ್ಜಿ ಮಾಳಿಗೆಗೆ ಚೌಳು ಮಣ್ಣು ಹಾಕಿಸುತ್ತಾರೆ. ಬೆಳೆ ಬಾರದ ಆ ಮಣ್ಣೇ ಯಾಕೆ? ಅದರಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದಾಗ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಹರಡಿ, ಉಬ್ಬಿ, ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ. ಹೊಲದಲ್ಲಿ ಆ ಮಣ್ಣಿಗೆ ನೀರು ಇಂಗದೆ ಮೇಲೇ ನಿಲ್ಲುವುದಕ್ಕೂ ಕಾರಣ ಇದೇ. "ಚೌಳು ಹಾಕಿದ ಮೇಲೆ ಮೊದಲ ಮಳೆಗೆ ಎರಡು ಹನಿ ಸೋರುತ್ತೆ ಮಗಾ, ಆಮೇಲೆ ತಾನೇ ಕೂತ್ಕೊಳ್ಳುತ್ತೆ" ಅನ್ನುತ್ತಿದ್ದರು ಅಜ್ಜಿ. ಕಣಗಳು ನೆನೆದು ಉಬ್ಬಲು ಬೇಕಾದ ಹೊತ್ತು ಅದು.