ಎಲ್‌ಇಡಿ ಹಾಕಿದ ಮೇಲೆ ತಿರುಗುವ ದೀಪ ನಿಂತೇ ಹೋಯ್ತು, ಯಾಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಗೋಡೆಯ ಪ್ಲಗ್‌ಗೆ ಸಿಕ್ಕಿಸುವ ಹಳೇ ಅಲಂಕಾರದ ದೀಪ ಇದೆ. ಮೀನಿನ ಚಿತ್ರ ಇರುವ ಅದರ ಶೇಡ್ ಮೆಲ್ಲಗೆ ತಿರುಗುತ್ತಿತ್ತು. ಜೀರೋ ಬಲ್ಬ್ ಸುಟ್ಟುಹೋಯಿತು ಅಂತ ಎಲ್‌ಇಡಿ ಹಾಕಿದೆವು. ಬೆಳಕು ಬರುತ್ತದೆ, ಶೇಡ್ ಮಾತ್ರ ಅಲ್ಲಾಡುವುದಿಲ್ಲ. ಮೋಟಾರ್ ಕೆಟ್ಟಿದೆಯಾ?

ಉತ್ತರ: ಏನೂ ಕೆಟ್ಟಿಲ್ಲ. ನೀವು ಹೇಳಿದ್ದು ನೋಡಿದರೆ ಅದರೊಳಗೆ ಮೋಟಾರೇ ಇಲ್ಲ. ಶೇಡನ್ನು ತಿರುಗಿಸುತ್ತಿದ್ದುದು ಆ ಹಳೇ ಬಲ್ಬಿನ ಬಿಸಿ!

ಜೀರೋ ಬಲ್ಬ್ ಅಂತ ಹೆಸರಿದ್ದರೂ ಅದು ಸುಮಾರು 15 ವ್ಯಾಟ್ ಕರೆಂಟ್ ಎಳೆಯುತ್ತದೆ. ಅದರಲ್ಲಿ ಬೆಳಕಾಗುವುದು ತೀರಾ ಸ್ವಲ್ಪ, ಉಳಿದದ್ದೆಲ್ಲ ಬಿಸಿ. ಬಿಸಿಯಾದ ಗಾಳಿ ಮೇಲೇರುತ್ತದೆ, ಅಲ್ವಾ? ಶೇಡಿನ ತಲೆಯ ಮೇಲೆ ಓರೆಯಾಗಿ ಕತ್ತರಿಸಿದ ರೆಕ್ಕೆಗಳಿರುತ್ತವೆ, ಜಾತ್ರೆಯ ಗಿರಗಿಟ್ಲೆಯ ಹಾಗೆ. ಮೇಲೇರುವ ಗಾಳಿ ಅವನ್ನು ತಳ್ಳುತ್ತದೆ, ಶೇಡ್ ಸುತ್ತುತ್ತದೆ. ಚೀನಾದವರು ಬಹಳ ಹಿಂದೆಯೇ ಎಣ್ಣೆದೀಪ, ಮೇಣದಬತ್ತಿಯ ಬಿಸಿಯಲ್ಲೇ ಕಾಗದದ ಕುದುರೆಗಳನ್ನು ಹೀಗೆ ಓಡಿಸುತ್ತಿದ್ದರು. ಈಗ ನೀವು ಹಾಕಿರುವ ಅರ್ಧ ವ್ಯಾಟಿನ ಎಲ್‌ಇಡಿಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಈ ದೀಪದ ಜೀವ ಇರುವುದು ಒಂದು ಸೂಜಿಮೊನೆಯಲ್ಲಿ. ಶೇಡನ್ನು ತೆಗೆದು ತಿರುಗಿಸಿ ನೋಡಿ. ರೆಕ್ಕೆಗಳ ನಡುವೆ ಪುಟ್ಟ ಬಟ್ಟಲಿನಂಥ ಗುಳಿ ಇರುತ್ತದೆ, ಅದು ತಂತಿಯ ಮೊನೆಯ ಮೇಲೆ ಕೂರುತ್ತದೆ. ನಮ್ಮ ಅತ್ತೆ ಮನೆಯಲ್ಲೂ ಇಂಥದ್ದೇ ಒಂದು ದೀಪ ಇತ್ತು. ವರ್ಷಗಟ್ಟಲೆ ನಿಂತಿದ್ದ ಅದನ್ನು ಬಿಚ್ಚಿದಾಗ ಗುಳಿಯ ತುಂಬ ಧೂಳು, ಮೊನೆಗೆ ತುಕ್ಕು. ಮೊನೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸವೆದ ಗುಳಿಯ ಜಾಗಕ್ಕೆ ರವಿಕೆಗೆ ಹಾಕುವ ಪ್ರೆಸ್ ಬಟನ್ನಿನ ಒಂದು ಭಾಗ ಅಂಟಿಸಿದೆ. ಉಸಿರು ತಾಗಿದರೂ ಸಾಕು, ಸುತ್ತುತ್ತಿತ್ತು. ಎಣ್ಣೆ ಮಾತ್ರ ಹಾಕಬೇಡಿ, ಧೂಳು ಹಿಡಿದು ಇನ್ನೂ ಬಿಗಿಯಾಗುತ್ತದೆ. ಕೆಳಗಡೆ ಗಾಳಿ ಒಳಬರುವ ತೂತುಗಳು ಮುಚ್ಚಿದ್ದರೂ ಶೇಡ್ ನಿಲ್ಲುತ್ತದೆ, ಅದನ್ನೂ ನೋಡಿ.

ಸುಲಭದ ದಾರಿ ಅಂದ್ರೆ ಮತ್ತೆ ಅದೇ 15 ವ್ಯಾಟಿನ ಫಿಲಮೆಂಟ್ ಬಲ್ಬ್ ಹಾಕುವುದು. ಜಾಸ್ತಿ ಜೋರಾಗಿ ತಿರುಗಲಿ ಅಂತ 60 ವ್ಯಾಟಿನದು ಹಾಕಲೇಬೇಡಿ. ಕಾಗದ, ಪ್ಲಾಸ್ಟಿಕ್ ಶೇಡ್ ಅಷ್ಟು ಬಿಸಿ ತಡೆಯುವುದಿಲ್ಲ.

ಎಲ್‌ಇಡಿಯೇ ಇರಲಿ ಅನ್ನುವುದಾದರೆ ಮೋಟಾರ್ ಬೇಕು. ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಸಿಂಕ್ರೊನಸ್ ಮೋಟಾರ್ ಬಿಡಿಯಾಗಿ ಸಿಗುತ್ತದೆ. ಕೆಲವೇ ವ್ಯಾಟ್ ಸಾಕು, ನಿಮಿಷಕ್ಕೆ ಎರಡು ಮೂರು ಸುತ್ತು ಹಾಕುವಂಥದ್ದನ್ನು ಆರಿಸಿ. ಅದಕ್ಕಿಂತ ವೇಗವಾದರೆ ಕಣ್ಣಿಗೆ ಹಿತವಲ್ಲ. ಇವುಗಳಲ್ಲಿ ಕೆಲವು ಒಂದು ಸಲ ಎಡಕ್ಕೆ ಹೊರಟರೆ ಇನ್ನೊಂದು ಸಲ ಬಲಕ್ಕೆ ಹೊರಡುತ್ತವೆ! ಮಕ್ಕಳಿಗೆ ಅದೇ ಖುಷಿ. ಆದರೆ ಅದು 230 ವೋಲ್ಟಿನದು, ಗೊತ್ತಿರುವವರ ಕೈಲೇ ಹಾಕಿಸಿ. ಮಕ್ಕಳ ಕೋಣೆಗಾದರೆ ಫೋನ್ ಚಾರ್ಜರಿನಲ್ಲಿ ಓಡುವ 5 ವೋಲ್ಟಿನ ಗೇರ್ ಮೋಟಾರೇ ನನಗಿಷ್ಟ. ಮೋಟಾರ್ ಬಂದರೆ ಶೇಡ್ ತೀರಾ ಹಗುರವೇ ಇರಬೇಕೆಂದಿಲ್ಲ. ಚನ್ನಪಟ್ಟಣದ ಪುಟ್ಟ ಮರದ ಗೊಂಬೆಗಳನ್ನು ಸುತ್ತ ನಿಲ್ಲಿಸಬಹುದು.

ಹಾಗೆ ಭಾರ ಹೆಚ್ಚಿದರೆ ಅದನ್ನು ಪ್ಲಗ್ಗಿನ ಮೇಲೆ ಬಿಡಬೇಡಿ. ಗೋಡೆಯಿಂದ ಮುಂದಕ್ಕೆ ಚಾಚಿದ ದೀಪ ಪಿನ್ನನ್ನು ಕೆಳಗೆ ಎಳೆಯುತ್ತದೆ, ಸಾಕೆಟ್ ಸಡಿಲವಾಗಿ ಕಿಡಿ ಹಾರುತ್ತದೆ. ಸಾಲದ್ದಕ್ಕೆ ನಮ್ಮ ಕಡೆ ಸಾಕೆಟ್ಟಿನ ಪಕ್ಕದಲ್ಲೇ ಸ್ವಿಚ್ ಇರುತ್ತದೆ, ದೀಪ ಅದನ್ನೂ ಮುಚ್ಚಿಬಿಡುತ್ತದೆ. ದೀಪವನ್ನು ಮೊಳೆಗೆ ನೇತುಹಾಕಿ, ಒಂದು ವೈರ್ ಪ್ಲಗ್‌ವರೆಗೆ ಇಳಿಸಿ. ಹೊರಮೈ ಲೋಹದ್ದಾದರೆ ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಸಮೇತ.

ಶೇಡಿಗೂ ಗೋಡೆಗೂ ನಡುವೆ ಎರಡು ಬೆರಳಷ್ಟು ಜಾಗ ಬಿಡಿ. ಒಳಗೆ ಹಾಲುಬಣ್ಣದ ಬಲ್ಬ್ ಬದಲು ಒಂದೇ ಚುಕ್ಕಿಯ ಎಲ್‌ಇಡಿ ಹಾಕಿ. ಆಗ ನೆರಳು ಮಸುಕಾಗುವುದಿಲ್ಲ. ನಿಮ್ಮ ಮೀನುಗಳು ಶೇಡಿನಲ್ಲಷ್ಟೇ ಅಲ್ಲ, ಗೋಡೆಯ ಮೇಲೂ ದೊಡ್ಡದಾಗಿ ಈಜುತ್ತವೆ.