ಡಿ.ಓ. ಓದಿದವರಿಗೆ ರೆಸಿಡೆನ್ಸಿ: ಸೀಟು ಸಿಗುತ್ತದೆ, ಯಾವುದು ಎನ್ನುವುದೇ ಪ್ರಶ್ನೆ

ಅಮೆರಿಕದಲ್ಲಿ ಆಸ್ಟಿಯೋಪಥಿಕ್ (ಡಿ.ಓ.) ಕಾಲೇಜು ಸೇರಿದರೆ ಮುಂದೆ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿ, ಸಿಗುತ್ತದೋ ಇಲ್ಲವೋ ಎಂದು ಅಲ್ಲಿನ ಕನ್ನಡ ಕುಟುಂಬಗಳು ಕೇಳುತ್ತಲೇ ಇರುತ್ತವೆ. ಅರ್ಜಿದಾರರು ಮತ್ತು ಆಸ್ಪತ್ರೆಗಳು ಕೊಟ್ಟ ಆದ್ಯತೆಯ ಪಟ್ಟಿಗಳನ್ನು ಹೊಂದಿಸಿ ಸೀಟು ಹಂಚುವ ವ್ಯವಸ್ಥೆಗೆ ಅಲ್ಲಿ ಮ್ಯಾಚ್ ಎಂದು ಹೆಸರು. 2025ರ ಮ್ಯಾಚ್‌ನಲ್ಲಿ ಡಿ.ಓ. ಅಂತಿಮ ವರ್ಷದ ವಿದ್ಯಾರ್ಥಿಗಳಲ್ಲಿ ಶೇ 92.6 ಮಂದಿಗೆ ರೆಸಿಡೆನ್ಸಿಯ ಮೊದಲ ವರ್ಷದ ಸೀಟು ಸಿಕ್ಕಿತು. ಎಂ.ಡಿ. ಕಾಲೇಜುಗಳ ಅಂತಿಮ ವರ್ಷದವರಲ್ಲಿ ಈ ಪ್ರಮಾಣ ಶೇ 93.5. ಅಂತರ ಒಂದು ಪರ್ಸೆಂಟೂ ಇಲ್ಲ. ಅಂಕಿ ನಿಜವೇ. ಆದರೆ ಆರ್ಥೋಪೆಡಿಕ್ಸ್ ಬೇಕು ಎಂದು ಕೂತವರಿಗೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಊರಿನಲ್ಲಿರುವ ನೆಂಟರಿಗೆ ಮೊದಲು ಒಂದು ಮಾತು. ಅಮೆರಿಕದ ಎಂ.ಡಿ. ನಮ್ಮ ಪಿಜಿ ಎಂ.ಡಿ. ಅಲ್ಲ, ಅದು ನಮ್ಮ ಎಂಬಿಬಿಎಸ್ ಜಾಗದಲ್ಲಿರುವ ಮೊದಲ ವೈದ್ಯಕೀಯ ಪದವಿ. ಡಿ.ಓ. ಕೂಡ ಅದೇ ಮಟ್ಟದ್ದು. ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದರು. ಇಂದು ಅಲ್ಲಿನ ಡಿ.ಓ. ಔಷಧ ಬರೆಯುವ, ಆಪರೇಷನ್ ಮಾಡುವ ಪೂರ್ಣ ಪ್ರಮಾಣದ ವೈದ್ಯ. ಬೇರೆ ದೇಶಗಳಲ್ಲಿ ಕೈಯಿಂದ ಮೂಳೆ, ಸ್ನಾಯುಗಳಿಗೆ ಚಿಕಿತ್ಸೆ ಕೊಡುವ ಆಸ್ಟಿಯೋಪಾತ್‌ಗಳ ಜೊತೆ ಇವರನ್ನು ಸೇರಿಸಬಾರದು. ಆ ಹಸ್ತಚಿಕಿತ್ಸೆಯನ್ನು ಡಿ.ಓ.ಗಳೂ ಸುಮಾರು 200 ಗಂಟೆ ಕಲಿಯುತ್ತಾರೆ, ಆದರೆ ಅದು ಉಳಿದ ಓದಿನ ಜೊತೆಗೆ ಸೇರಿದ್ದು.

ಇನ್ನು ಶೇ 92.6ರ ಒಳಗೆ ಏನಿದೆ ನೋಡಿ. ರ‍್ಯಾಂಕ್ ಪಟ್ಟಿ ಸಲ್ಲಿಸಿದವರು ಮಾತ್ರ ಈ ಲೆಕ್ಕಕ್ಕೆ ಬರುತ್ತಾರೆ. ಒಂದೂ ಸಂದರ್ಶನ ಬಾರದೆ ಹಿಂದೆ ಸರಿದವರು ಇದರಲ್ಲಿಲ್ಲ. ಒಂದೇ ವರ್ಷದ ಪ್ರಿಲಿಮಿನರಿ ಸೀಟು ಸಿಕ್ಕವರೂ 'ಮ್ಯಾಚ್ ಆದವರು'. ಸರ್ಜರಿ ಬಯಸಿ, ಕಷ್ಟವೆಂದು ತಿಳಿದು, ಮೊದಲೇ ಫ್ಯಾಮಿಲಿ ಮೆಡಿಸಿನ್‌ಗೆ ಹೊರಳಿಕೊಂಡವರ ಲೆಕ್ಕ ಯಾವ ಪಟ್ಟಿಯಲ್ಲೂ ಸಿಗದು. ಕಾಲೇಜಿನ ಜಾಹೀರಾತಿನಲ್ಲಿ ಕಾಣುವ ಶೇ 98, 99ರ 'ಪ್ಲೇಸ್‌ಮೆಂಟ್' ಬೇರೆಯದೇ ಅಂಕಿ: ಮ್ಯಾಚ್ ತಪ್ಪಿದ ಮೇಲೆ ಉಳಿದ ಸೀಟು ಹಿಡಿದವರನ್ನೂ ಸೇರಿಸಿ ಹೇಳುವುದು. ಫ್ಯಾಮಿಲಿ ಮೆಡಿಸಿನ್, ಇಂಟರ್ನಲ್ ಮೆಡಿಸಿನ್, ಪೀಡಿಯಾಟ್ರಿಕ್ಸ್, ಎಮರ್ಜೆನ್ಸಿ ಮೆಡಿಸಿನ್‌ಗಳಲ್ಲಿ ಡಿ.ಓ.ಗಳು ಧಾರಾಳವಾಗಿದ್ದಾರೆ. ನ್ಯೂರೋಸರ್ಜರಿ, ಪ್ಲಾಸ್ಟಿಕ್ ಸರ್ಜರಿ, ಡರ್ಮಟಾಲಜಿ, ಇಎನ್‌ಟಿಗಳಲ್ಲಿ ತೀರಾ ಕಡಿಮೆ. ಒಂದೇ ವಿಭಾಗದೊಳಗೂ ದೊಡ್ಡ ವಿಶ್ವವಿದ್ಯಾಲಯದ ಆಸ್ಪತ್ರೆ ಬೇರೆ, ಊರಿನ ಕಮ್ಯುನಿಟಿ ಆಸ್ಪತ್ರೆ ಬೇರೆ.

ಮೊದಲು ಡಿ.ಓ.ಗಳಿಗೆ ಅವರದೇ ಮ್ಯಾಚ್ ಇತ್ತು, ಅವರಿಗಷ್ಟೇ ಮೀಸಲಾದ ಆರ್ಥೋ, ಇಎನ್‌ಟಿ ಸೀಟುಗಳೂ ಇದ್ದವು. 2015ರಲ್ಲಿ ಶುರುವಾದ ವಿಲೀನ 2020ರ ಜೂನ್‌ಗೆ ಮುಗಿದು, ಎಲ್ಲ ರೆಸಿಡೆನ್ಸಿಗಳೂ ಎಸಿಜಿಎಂಇ ಎಂಬ ಒಂದೇ ಸಂಸ್ಥೆಯ ಮಾನ್ಯತೆಯ ಕೆಳಗೆ ಬಂದವು. ಡಿ.ಓ.ಗಳ ಪ್ರತ್ಯೇಕ ಮ್ಯಾಚ್ ನಿಂತಿತು. ಡಿ.ಓ.ಗಳಿಗಷ್ಟೇ ಇದ್ದ ಆ ಕೆಲವು ಬಾಗಿಲಿಗೆ ಎಂ.ಡಿ.ಗಳೂ ಬಂದು ನಿಂತರು. ಫ್ಯಾಮಿಲಿ ಮೆಡಿಸಿನ್‌ನವರಿಗೆ ಇದು ಲಾಭ. ಸರ್ಜರಿಯ ಉಪವಿಭಾಗ ಬಯಸುವವರಿಗೆ ಲಾಭವೆಂದು ಒಪ್ಪುವುದು ಕಷ್ಟ.

ತಾರತಮ್ಯ ನಡೆಯುವ ಜಾಗ ಬಹುಮಟ್ಟಿಗೆ ಒಂದು ಕಂಪ್ಯೂಟರ್ ಪರದೆ. ಸೆಪ್ಟೆಂಬರ್ ಕೊನೆಗೆ ಇರಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಅರ್ಜಿಗಳು ರೆಸಿಡೆನ್ಸಿ ಪ್ರೋಗ್ರಾಂಗಳಿಗೆ ತೆರೆದುಕೊಳ್ಳುತ್ತವೆ. ಹತ್ತು ಹದಿನೈದು ಸೀಟಿಗೆ ಸಾವಿರ ದಾಟಿದ ಅರ್ಜಿ. ಕೋಆರ್ಡಿನೇಟರ್ ಫಿಲ್ಟರ್ ಹಾಕುತ್ತಾರೆ: ಎಂ.ಡಿ.ಗಳು ಬರೆಯುವ ಪರವಾನಗಿ ಪರೀಕ್ಷೆಯ ಎರಡನೇ ಹಂತವಾದ ಸ್ಟೆಪ್ 2 ಸಿಕೆಯಲ್ಲಿ ಇಷ್ಟು ಅಂಕದ ಮೇಲಿನವರು ಮಾತ್ರ. ಡಿ.ಓ.ಗಳ ಕಡ್ಡಾಯ ಪರೀಕ್ಷೆ ಕಾಮ್ಲೆಕ್ಸ್; ಅದನ್ನಷ್ಟೇ ಬರೆದವರ ಸ್ಟೆಪ್ ಕಾಲಂ ಖಾಲಿ. ಕಾಮ್ಲೆಕ್ಸ್ ಲೆವೆಲ್ 2ರಲ್ಲಿ 600 ಬಂದಿದ್ದರೂ ಆ ಅರ್ಜಿ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಯಾರೂ ಓದಿ ತಿರಸ್ಕರಿಸಿದ್ದಲ್ಲ, ಯಾರೂ ತೆರೆದೇ ಇಲ್ಲ. ಕಾಮ್ಲೆಕ್ಸ್ ಅಂಕವನ್ನು ಸ್ಟೆಪ್ ಅಂಕಕ್ಕೆ ಪರಿವರ್ತಿಸುವ ಸೂತ್ರಗಳು ಹರಿದಾಡುತ್ತವೆ, ಅವುಗಳನ್ನು ನಂಬಿ ಕೂರಬೇಡಿ. ಡಿ.ಓ. ಅರ್ಜಿಗಳನ್ನೇ ಸಾರಾಸಗಟಾಗಿ ಬದಿಗಿಡುವ ಪ್ರೋಗ್ರಾಂಗಳೂ ಇವೆ. ಅಲ್ಲಿ ಯಾವ ಅಂಕವೂ ನಡೆಯದು.

ಹಾಗಾದರೆ ಎರಡೆರಡು ಪರೀಕ್ಷೆ ಬರೆಯಬೇಕೇ? 2022ರಿಂದ ಸ್ಟೆಪ್ 1, ಕಾಮ್ಲೆಕ್ಸ್ ಲೆವೆಲ್ 1 ಎರಡೂ ಬರೀ ಪಾಸ್-ಫೇಲ್. ತೂಕವೆಲ್ಲ ಸ್ಟೆಪ್ 2ರ ಮೇಲೆ ಬಿದ್ದಿದೆ. ಸರ್ಜರಿ, ರೇಡಿಯಾಲಜಿ, ಅನಸ್ತೇಸಿಯಾ ಅಥವಾ ವಿಶ್ವವಿದ್ಯಾಲಯದ ಇಂಟರ್ನಲ್ ಮೆಡಿಸಿನ್ ಬೇಕೆನ್ನುವವರು ಸ್ಟೆಪ್ 2 ಬರೆಯಲೇಬೇಕು ಎನ್ನುವುದು ನಮ್ಮ ನಿಲುವು. ಡಿ.ಓ.ಗಳನ್ನು ವರ್ಷವರ್ಷ ತೆಗೆದುಕೊಳ್ಳುವ ಫ್ಯಾಮಿಲಿ ಮೆಡಿಸಿನ್ ಪ್ರೋಗ್ರಾಂಗಳಷ್ಟೇ ಗುರಿಯಾದರೆ ಕಾಮ್ಲೆಕ್ಸ್ ಸಾಕು, ಆರುನೂರಕ್ಕೂ ಹೆಚ್ಚು ಡಾಲರ್ ಶುಲ್ಕವೂ ಉಳಿಯುತ್ತದೆ. ಸ್ಟೆಪ್ 1 ಬಿಟ್ಟು ಸ್ಟೆಪ್ 2 ಮಾತ್ರ ಬರೆಯಲು ನಿಯಮದಲ್ಲಿ ಅಡ್ಡಿಯಿಲ್ಲ, ಆದರೆ ಕೆಲವು ಪ್ರೋಗ್ರಾಂಗಳು ಎರಡನ್ನೂ ಕೇಳುತ್ತವೆ. ಹಾಗಾಗಿ ಮೂರನೇ ವರ್ಷಕ್ಕೆ ಕಾಲಿಡುವ ಮೊದಲೇ ತೀರ್ಮಾನ ಆಗಿರಬೇಕು. ಪೂರ್ವಸಿದ್ಧತೆಯ ಅಣಕು ಪರೀಕ್ಷೆಯಲ್ಲಿ ಅಂಚಿನಲ್ಲಿದ್ದವರು ಧೈರ್ಯ ಮಾಡಿ ಸ್ಟೆಪ್ 1ಕ್ಕೆ ಹೋಗಿ ಫೇಲಾದರೆ, ಬರೆಯದಿದ್ದುದಕ್ಕಿಂತ ಕೆಟ್ಟದ್ದು. ಆ ದಾಖಲೆ ಅಳಿಯುವುದಿಲ್ಲ.

ಎರಡನ್ನೂ ಬರೆಯುವವರು ಮೊದಲು ಸ್ಟೆಪ್, ಒಂದೆರಡು ವಾರ ಬಿಟ್ಟು ಕಾಮ್ಲೆಕ್ಸ್ ಇಟ್ಟುಕೊಳ್ಳುವುದು ಅನುಕೂಲ. ನಡುವಿನ ದಿನಗಳು ಹಸ್ತಚಿಕಿತ್ಸೆಯ ಭಾಗಕ್ಕೆ: ಚಾಪ್‌ಮನ್ ಪಾಯಿಂಟ್‌ಗಳು, ಸ್ಯಾಕ್ರಲ್ ಟಾರ್ಷನ್, ಯಾವ ಅಂಗಕ್ಕೆ ಬೆನ್ನುಹುರಿಯ ಯಾವ ಮಟ್ಟ ಎಂಬ ಪಟ್ಟಿ. ಅರ್ಜಿ ತೆರೆಯುವ ಹೊತ್ತಿಗೆ ಅಂಕ ಕೈಲಿರಬೇಕಾದರೆ ಸ್ಟೆಪ್ 2 ಜುಲೈ ಕೊನೆಯೊಳಗೆ ಮುಗಿದಿರಲಿ.

ಪರೀಕ್ಷೆಗಿಂತ ಕಾಡುವ ಕೊರತೆ ಇನ್ನೊಂದಿದೆ, ಪೋಷಕರಿಗೆ ಅದು ಕಾಣುವುದಿಲ್ಲ. ಹೆಚ್ಚಿನ ಡಿ.ಓ. ಕಾಲೇಜುಗಳಿಗೆ ಸ್ವಂತ ಬೋಧನಾ ಆಸ್ಪತ್ರೆ ಇಲ್ಲ. ಮೂರನೇ ವರ್ಷ ವಿದ್ಯಾರ್ಥಿಗಳು ಸಣ್ಣ ಆಸ್ಪತ್ರೆ, ಖಾಸಗಿ ಕ್ಲಿನಿಕ್‌ಗಳಿಗೆ ಹಂಚಿಹೋಗುತ್ತಾರೆ. ರೆಸಿಡೆಂಟ್‌ಗಳ ಜೊತೆ ಕೆಲಸ ಮಾಡದೆ, ವಿಭಾಗದಲ್ಲಿ ಹೆಸರಿರುವವರ ಶಿಫಾರಸು ಪತ್ರ ಸಿಗದೆ ವರ್ಷ ಕಳೆದುಹೋಗುತ್ತದೆ. ಇದನ್ನು ತುಂಬಿಕೊಡುವುದು ನಾಲ್ಕನೇ ವರ್ಷದ ಅವೇ ರೊಟೇಷನ್. ಬೇರೆ ಆಸ್ಪತ್ರೆಯಲ್ಲಿ ನಾಲ್ಕು ವಾರ ಕೆಲಸ, ಅದೇ ಒಂದು ದೀರ್ಘ ಸಂದರ್ಶನ. ಲಸಿಕೆ ದಾಖಲೆ, ಡ್ರಗ್ ಟೆಸ್ಟ್, ಹಿನ್ನೆಲೆ ತಪಾಸಣೆ, ಕಾಲೇಜಿನ ಒಪ್ಪಂದಪತ್ರ, ಇಷ್ಟರಲ್ಲಿ ಒಂದು ತಡವಾದರೂ ಜಾಗ ಬೇರೆಯವರ ಪಾಲು. ಡಿ.ಓ. ವಿದ್ಯಾರ್ಥಿಗಳನ್ನು ರೊಟೇಷನ್‌ಗೆ ತೆಗೆದುಕೊಂಡು, ರೆಸಿಡೆಂಟ್ ಪಟ್ಟಿಯಲ್ಲಿ ಒಬ್ಬ ಡಿ.ಓ. ಕೂಡ ಇಲ್ಲದ ಪ್ರೋಗ್ರಾಂಗೆ ಆ ನಾಲ್ಕು ವಾರ ಕೊಡಬೇಡಿ. ಪ್ರೋಗ್ರಾಂನ ವೆಬ್‌ಸೈಟಿನಲ್ಲಿ ಈಗಿನ ರೆಸಿಡೆಂಟ್‌ಗಳ ಹೆಸರಿನ ಮುಂದಿರುವ ಪದವಿ ನೋಡಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಅರ್ಜಿಯಲ್ಲೂ ಅದೇ ಮಾತು. ಒಂದೇ ವಿಭಾಗದಲ್ಲಿ ಮೊದಲ 30 ಅರ್ಜಿಗೆ ತಲಾ 11 ಡಾಲರ್, ಆಮೇಲಿನದಕ್ಕೆ ತಲಾ 30. ಆರ್ಥೋದಲ್ಲಿ 30 ಸಿಗ್ನಲ್ (ಈ ಪ್ರೋಗ್ರಾಂ ನನಗೆ ವಿಶೇಷವಾಗಿ ಬೇಕು ಎಂಬ ಸೂಚನೆ) ಕಳಿಸಬಹುದು, ಸಿಗ್ನಲ್ ಇಲ್ಲದ ಅರ್ಜಿಗೆ ಸಂದರ್ಶನ ಬರುವುದು ಅಪರೂಪ. ಹೆಸರಾಂತ ಆಸ್ಪತ್ರೆಗಳಿಗೆ ಸಿಗ್ನಲ್ ಚೆಲ್ಲಿ, ಡಿ.ಓ.ಗಳನ್ನು ತೆಗೆದುಕೊಳ್ಳುವ ಕಡೆಗೆ ಒಂದೂ ಉಳಿಸದಿರುವುದು ಪದೇ ಪದೇ ಕಾಣುವ ತಪ್ಪು. ಫೆಬ್ರವರಿ-ಮಾರ್ಚ್‌ನ ರ‍್ಯಾಂಕ್ ಪಟ್ಟಿಯಲ್ಲಿ ಜಾಣತನ ಬೇಡ: ನಿಜವಾಗಿ ಬೇಕಾದ ಕ್ರಮದಲ್ಲೇ ಬರೆಯಿರಿ. ಮ್ಯಾಚ್‌ನ ಗಣಿತ ಅರ್ಜಿದಾರರ ಪರವಾಗಿಯೇ ನಡೆಯುತ್ತದೆ.

ತಪ್ಪಿಹೋದರೆ ಮ್ಯಾಚ್ ವಾರದ ಸೋಮವಾರ ಗೊತ್ತಾಗುತ್ತದೆ. ಉಳಿದ ಸೀಟುಗಳಿಗೆ ಸೋಪ್ ಎಂಬ ಸುತ್ತು, ಗರಿಷ್ಠ 45 ಅರ್ಜಿ. ಬಂದ ಆಫರ್ ಒಪ್ಪಲು ಎರಡೇ ಗಂಟೆ. ಎರಡನೇ ವಿಭಾಗಕ್ಕೆ ಬೇಕಾದ ಪತ್ರ, ಸ್ವವಿವರಣೆ ಮೊದಲೇ ಬರೆದಿಟ್ಟವರು ಮಾತ್ರ ಆ ವಾರ ಉಸಿರಾಡುತ್ತಾರೆ.

ಡಿ.ಓ. ಬೇಡ, ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಎಂಬಿಬಿಎಸ್ ಮುಗಿಸಿ ವಾಪಸ್ ಬರಲಿ ಎಂದು ಯೋಚಿಸುವ ಅಮೆರಿಕದ ಕುಟುಂಬಗಳು 2025ರ ಇನ್ನೆರಡು ಅಂಕಿ ನೋಡಬೇಕು. ಹೊರದೇಶದಲ್ಲಿ ಓದಿದ ಅಮೆರಿಕನ್ ಪೌರರಲ್ಲಿ ಮ್ಯಾಚ್ ಆದವರು ಶೇ 67.8, ಪೌರರಲ್ಲದವರಲ್ಲಿ ಶೇ 58. ಹೊರದೇಶದಲ್ಲಿ ಓದಿದವರಿಗೆ ಬೇಕಾಗುವ ಇಸಿಎಫ್‌ಎಂಜಿ ಪ್ರಮಾಣಪತ್ರದ ಗೊಡವೆಯೂ ಡಿ.ಓ.ಗೆ ಇಲ್ಲ. ಕಾಲೇಜು ಆರಿಸುವಾಗ ಕೇಳಬೇಕಾದ್ದು ಮೂರು: ಮೂರನೇ ವರ್ಷದ ರೊಟೇಷನ್‌ಗಳು ಯಾವ ಊರಿನ ಯಾವ ಆಸ್ಪತ್ರೆಯಲ್ಲಿ, ಅಲ್ಲಿ ರೆಸಿಡೆನ್ಸಿ ಇದೆಯೇ, ಮತ್ತು ಕಳೆದ ಮೂರು ವರ್ಷ ಸೋಪ್‌ಗೆ ಇಳಿದವರೆಷ್ಟು. ಮೂರನೆಯದಕ್ಕೆ ನೇರ ಉತ್ತರ ಬಾರದಿದ್ದರೆ ಪ್ಲೇಸ್‌ಮೆಂಟ್ ಅಂಕಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ.