ಜರ್ಮನಿಯಲ್ಲಿರುವ ಮಗನ ಮನೆಗೆ ಎಷ್ಟು ದಿನಕ್ಕೆ ಹೋಗಬೇಕು?

ಓದುಗರ ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕ ಸಮೀಪದವರು. ಇಬ್ಬರಿಗೂ ಅರುವತ್ತು ದಾಟಿದೆ. ಅಡಿಕೆ ತೋಟವೇ ಜೀವನಾಧಾರ. ಮಗ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಉದ್ಯೋಗದಲ್ಲಿದ್ದಾನೆ. ‘ಬರುವುದಾದರೆ ಮೂರು ತಿಂಗಳು ಇದ್ದು ಹೋಗಿ’ ಎನ್ನುತ್ತಾನೆ. ಭಾವನವರು ‘ಹತ್ತು ದಿನದ ಯುರೋಪ್ ಪ್ಯಾಕೇಜ್ ಸಾಕು, ಐದು ದೇಶ ನೋಡಿಕೊಂಡು ಬರಬಹುದು’ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಬೇಡ. ಐದರಿಂದ ಆರು ವಾರ ಹೋಗಿ ಬನ್ನಿ, ಸಾಧ್ಯವಾದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರಡಿ.

ಮಕ್ಕಳು ಪರದೇಶದಲ್ಲಿರುವ ಮನೆಗಳಲ್ಲಿ ಸಾಮಾನ್ಯವಾಗಿ ಈ ಲೆಕ್ಕ ವೀಸಾದಿಂದ ಶುರುವಾಗುತ್ತದೆ. ಎಷ್ಟು ದಿನ ಬಿಡುತ್ತಾರೋ ಅಷ್ಟೂ ದಿನ ಇದ್ದರೆ ಟಿಕೆಟಿಗೆ ಹಾಕಿದ ದುಡ್ಡು ವಸೂಲಾಗುತ್ತದೆ ಎಂಬ ಯೋಚನೆ. ಎಷ್ಟು ದಿನ ಇರಬಹುದು ಎಂದು ಹೇಳುವುದಷ್ಟೇ ವೀಸಾದ ಕೆಲಸ, ಎಷ್ಟು ದಿನ ಇರಬೇಕು ಎಂಬುದನ್ನು ಅದು ಹೇಳುವುದಿಲ್ಲ. ಮಗನ ಮನೆಗೆ ಹೋಗುವವರು ಎಣಿಸಬೇಕಾದದ್ದು ವಾರಾಂತ್ಯಗಳನ್ನು.

ಸ್ಟುಟ್‌ಗಾರ್ಟಿನಲ್ಲಿ ಒಂದು ಮಂಗಳವಾರ ಹೇಗಿರುತ್ತದೆ ಎಂದು ನೋಡಿ. ಮಗ ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ನೀವಿಬ್ಬರು ಫ್ಲ್ಯಾಟಿನಲ್ಲಿ. ಹತ್ತು ಗಂಟೆಗೆಲ್ಲ ಅಡುಗೆ ಮುಗಿಯುತ್ತದೆ. ಅಂಗಳಕ್ಕಿಳಿದು ಬಿದ್ದ ಅಡಿಕೆ ಹಾಳೆ ಹೆಕ್ಕೋಣವೆಂದರೆ ಅಂಗಳವಿಲ್ಲ. ದಾರಿಯಲ್ಲಿ ಹೋಗುವವರನ್ನು ಕರೆದು ಮಾತಾಡೋಣವೆಂದರೆ ಭಾಷೆ ಬಾರದು. ಮೊದಲ ಒಂದೆರಡು ವಾರ ಎಲ್ಲವೂ ಹೊಸತು, ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎರಡನೇ ತಿಂಗಳಿಗೆ ದೃಷ್ಟಿಯೆಲ್ಲ ಊರ ಕಡೆಗೆ: ಮಳೆ ಹೇಗಿದೆ, ಅಡಿಕೆಗೆ ಕೊಳೆರೋಗ ಬಂತೇ, ದನಕ್ಕೆ ಹುಲ್ಲು ಹಾಕಿದರೇ. ಮೂರು ತಿಂಗಳಿಗೆಂದು ಹೋದ ತಂದೆತಾಯಿ ಅಲ್ಲಿ ದಿನ ಎಣಿಸುವುದು, ಅದನ್ನು ನೋಡಿ ಮಗ ಒಳಗೊಳಗೇ ನೊಂದುಕೊಳ್ಳುವುದು ಯಾರಿಗೂ ಬೇಡ. ಮೊಮ್ಮಗು ಹುಟ್ಟಿದ್ದರೆ, ಬಾಣಂತನವಿದ್ದರೆ ಮಾತು ಬೇರೆ. ಆಗ ಮೂರು ತಿಂಗಳೂ ಕಡಿಮೆಯೇ.

ಐದು ವಾರ ಇದ್ದರೆ ಐದು ವಾರಾಂತ್ಯ ಸಿಗುತ್ತವೆ. ವಾರಕ್ಕೆ ಐದು ದಿನ ದುಡಿಯುವವರಿಗೆ ಅಲ್ಲಿನ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ ಇದೆ. ಹೆಚ್ಚಿನ ಸಂಸ್ಥೆಗಳು ಅದಕ್ಕಿಂತ ಜಾಸ್ತಿ ಕೊಡುತ್ತವೆ. ಅದರಲ್ಲಿ ಒಂದು ವಾರವನ್ನು ನಿಮಗಾಗಿ ತೆಗೆದಿಡಲು ಮಗನಿಗೆ ಈಗಲೇ ಹೇಳಿ. ಆ ವಾರಕ್ಕೆ ಎರಡು ಬದಿಯ ಶನಿವಾರ, ಭಾನುವಾರ ಸೇರಿದರೆ ಒಂಬತ್ತು ದಿನ ಒಟ್ಟಿಗಿರಬಹುದು. ದೂರದ ಊರುಗಳನ್ನು ಆ ಒಂಬತ್ತು ದಿನಕ್ಕಿಡಿ, ಹತ್ತಿರದವನ್ನು ಉಳಿದ ವಾರಾಂತ್ಯಗಳಿಗೆ ಹಂಚಿ. ಭಾನುವಾರ ಅಲ್ಲಿ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಹಾಗಾಗಿ ಹಾಲು ತರಕಾರಿಯ ಕೆಲಸವನ್ನು ಶನಿವಾರವೇ ಮುಗಿಸಿಕೊಳ್ಳಬೇಕು.

ನಿಮ್ಮ ಭಾವನವರ ಪ್ಯಾಕೇಜಿನ ವಿಚಾರ. ಹತ್ತು ದಿನದಲ್ಲಿ ಹೋಗುವ ಬರುವ ಎರಡು ದಿನ ವಿಮಾನಕ್ಕೆ ಸಲ್ಲುತ್ತವೆ. ಉಳಿದ ಎಂಟು ದಿನದಲ್ಲಿ ಐದು ದೇಶವೆಂದರೆ ಸೂಟ್‌ಕೇಸ್ ಬಿಚ್ಚುವುದು, ಕಟ್ಟುವುದು, ಬಸ್ಸಿನಲ್ಲಿ ಕೂರುವುದೇ ಹೆಚ್ಚು. ಅಲ್ಲಿ ಯಾರೂ ಇಲ್ಲದವರಿಗೆ ಅದು ಅನುಕೂಲವೇ ಸರಿ. ಮಗನ ಮನೆಯಿರುವ ನಿಮಗೆ ಅದರ ಅಗತ್ಯವಿಲ್ಲ.

ಸ್ಟುಟ್‌ಗಾರ್ಟಿನ ಸುತ್ತ ನೋಡುವುದಕ್ಕೇನೂ ಬರವಿಲ್ಲ. ನೆಕ್ಕಾರ್ ನದಿಯ ದಂಡೆಯ ಟ್ಯೂಬಿಂಗೆನ್‌ಗೆ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಊರು ಅದು. ಕನ್ನಡಕ್ಕೆ ನಿಘಂಟು ಕಟ್ಟಿಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದು ಅಲ್ಲಿಯೇ. ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲಿ, ಕೊನೆಯ ದಿನಗಳನ್ನು ಕಳೆದದ್ದು ಸಮೀಪದ ಕಾಲ್ವ್ ಎಂಬ ಪೇಟೆಯಲ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡಿ ಬೆಳೆದ ನಮಗೆ ಈ ಎರಡು ಊರುಗಳ ಮೇಲೆ ಇರುವಷ್ಟು ಸಲಿಗೆ ಬೇರೆ ಯಾವ ಪ್ರವಾಸಿಗನಿಗಿದೆ? ಇವುಗಳಿಗೆ ಒಂದೊಂದು ಇಡೀ ದಿನ ಕೊಡಿ. ಹೈಡೆಲ್‌ಬರ್ಗಿನ ಕೋಟೆಗೆ ಇನ್ನೊಂದು ದಿನ. ಮಗನ ರಜೆಯಲ್ಲಿ ರೈನ್ ನದಿಯ ಕಣಿವೆ, ಕಲೋನ್ ನಗರದ ಇಗರ್ಜಿ, ಸ್ವಿಟ್ಜರ್ಲೆಂಡಿನ ಬಾಸೆಲ್. 1834ರಲ್ಲಿ ಮಂಗಳೂರಿಗೆ ಬಂದು, ಮುಂದೆ ಹಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನಿನ ಮೂಲ ಆ ಊರು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾವೇ ಜರ್ಮನಿಗೆ ಬೇಕಾದದ್ದು, ಸ್ವಿಟ್ಜರ್ಲೆಂಡಿಗೂ ಅದೇ ನಡೆಯುತ್ತದೆ. ಒಂದು ಊರಿನಲ್ಲಿ ಮೂರು ರಾತ್ರಿಗಿಂತ ಕಡಿಮೆ ತಂಗಬೇಡಿ. ನಿಮ್ಮ ವಯಸ್ಸಿನಲ್ಲಿ ದಿನಕ್ಕೊಂದು ಹೊಸ ಹಾಸಿಗೆ ಒಳ್ಳೆಯದಲ್ಲ.

ಸೆಪ್ಟೆಂಬರ್ ಎಂದದ್ದು ತೋಟವನ್ನು ನೋಡಿಯೇ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಅದಾಗಿ 40-45 ದಿನಕ್ಕೆ ಮತ್ತೊಮ್ಮೆ ಕೊಳೆರೋಗದ ಮದ್ದು ಬಿಡುವ ಹೊತ್ತಿನಲ್ಲಿ ಯಜಮಾನ ಮನೆಯಲ್ಲೇ ಇರಬೇಕು. ಮೈಲುತುತ್ತು, ಸುಣ್ಣ ಹದವಾಗಿ ಕೂಡಬೇಕು, ಮಳೆ ಹೊಳವಾದ ದಿನವೇ ಮರ ಹತ್ತುವವರು ಸಿಗಬೇಕು. ಇದನ್ನು ಫೋನಿನಲ್ಲಿ ನಡೆಸಲಾಗದು. ಮಳೆ ಎಳೆದರೆ ಮೂರನೆಯ ಸಲ ಬೇಕಾದೀತು, ಅದನ್ನೂ ಆಗಸ್ಟಿನಲ್ಲಿ ಮುಗಿಸಿಕೊಂಡು ಹೊರಡಿ. ಅಕ್ಟೋಬರ್ ನಡುವಿಗೆ ಹಿಂದಿರುಗಿದರೆ ಕೊಯ್ಲಿಗೂ ನೀರು ಬಿಡುವುದಕ್ಕೂ ಇನ್ನೂ ಸಮಯವಿರುತ್ತದೆ. ಚೌತಿಯೋ ನವರಾತ್ರಿಯೋ ಈ ನಡುವೆ ಬರಬಹುದು, ಅದನ್ನು ಮನೆಮಂದಿ ಕೂತು ತೀರ್ಮಾನಿಸಿಕೊಳ್ಳಿ. ಸ್ಟುಟ್‌ಗಾರ್ಟಿನಲ್ಲಿ ಆಗ ಹಗಲು 20 ಡಿಗ್ರಿಯ ಆಸುಪಾಸು, ಸ್ವೆಟರ್ ಹಾಕಿಕೊಂಡು ಆರಾಮವಾಗಿ ನಡೆಯಬಹುದು. ಡಿಸೆಂಬರಿನಲ್ಲಾದರೆ ಸಂಜೆ ನಾಲ್ಕೂವರೆಗೇ ಕತ್ತಲು. ಮ್ಯೂನಿಕ್‌ನಲ್ಲಿ ಮಾತ್ರ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದವರೆಗೆ ಬಿಯರ್ ಉತ್ಸವದ ಜನಜಂಗುಳಿ, ಕೋಣೆಗಳ ಬಾಡಿಗೆ ಏರಿರುತ್ತದೆ. ಅಲ್ಲಿ ತಂಗುವ ಆಲೋಚನೆ ಬಿಡಿ.

ತಿಂಗಳ ಆರಂಭಕ್ಕೆ ತಲುಪಿದರೆ ಇನ್ನೊಂದು ಲಾಭವಿದೆ. ಇಡೀ ದೇಶದ ಪ್ರಾದೇಶಿಕ ರೈಲು, ನಗರದ ಬಸ್, ಟ್ರಾಮುಗಳಲ್ಲಿ ನಡೆಯುವ ‘ಡಾಯ್ಚ್‌ಲಾಂಡ್ ಟಿಕೆಟ್’ ಎಂಬ ಪಾಸು 2023ರ ಮೇ ತಿಂಗಳಿನಿಂದ ಇದೆ. ಅದು ಕ್ಯಾಲೆಂಡರ್ ತಿಂಗಳಿಗೆ ಸಿಗುವಂಥದ್ದು. ಆಗಸ್ಟ್ 25ಕ್ಕೆ ಇಳಿದು ಅಕ್ಟೋಬರ್ 1ಕ್ಕೆ ಹೊರಟರೆ ಮೂರು ತಿಂಗಳ ಹಣ ತೆರಬೇಕು. ಸೆಪ್ಟೆಂಬರ್ 2ರಿಂದ ಅಕ್ಟೋಬರ್ 10 ಎಂದಾದರೆ ಎರಡೇ ತಿಂಗಳದ್ದು. ಬೇಡವಾದಾಗ ಆ ತಿಂಗಳ 10ರೊಳಗೆ ರದ್ದು ಮಾಡಬೇಕು, ಮರೆತರೆ ಮುಂದಿನ ತಿಂಗಳದ್ದೂ ಕಡಿತವಾಗುತ್ತದೆ. ಐಸಿಇ ಎಂಬ ವೇಗದ ರೈಲುಗಳಲ್ಲಿ ಈ ಪಾಸು ನಡೆಯುವುದಿಲ್ಲ.

ಇಷ್ಟು ಹೇಳಿದ ಮೇಲೂ ಮಗ ಮೂರು ತಿಂಗಳೇ ಎಂದು ಹಟ ಹಿಡಿದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಷೆಂಗೆನ್ ನಿಯಮ ಹೇಳುವುದು ಯಾವುದೇ 180 ದಿನಗಳಲ್ಲಿ 90 ದಿನ ಎಂದು. ಇಳಿದ ದಿನವೂ ಹೊರಟ ದಿನವೂ ಅದರಲ್ಲಿ ಸೇರುತ್ತವೆ. ಜೂನ್ 1ಕ್ಕೆ ಇಳಿದವರ ತೊಂಬತ್ತನೆಯ ದಿನ ಆಗಸ್ಟ್ 29. ‘ಮೂರು ತಿಂಗಳು’ ಎಂದು 31ಕ್ಕೆ ಟಿಕೆಟ್ ಮಾಡಿದರೆ ಎರಡು ದಿನ ಅಕ್ರಮವಾಗಿ ಉಳಿದಂತಾಗುತ್ತದೆ, ದಂಡ ಬೀಳಬಹುದು, ಮುಂದಿನ ವೀಸಾಕ್ಕೆ ತೊಡಕಾಗಬಹುದು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಗಡಿ ದಾಟಿದ ದಿನ ಕಂಪ್ಯೂಟರಿನಲ್ಲೇ ದಾಖಲಾಗುತ್ತದೆ. ಎಲ್ಲರಿಗೂ 90 ದಿನ ಕೊಡುತ್ತಾರೆಂದೂ ಇಲ್ಲ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾದಲ್ಲಿ ಎರಡು ತಾರೀಕುಗಳ ಜೊತೆಗೆ ‘ಇಷ್ಟು ದಿನ’ ಎಂದು ಬೇರೆಯಾಗಿ ಬರೆದಿರುತ್ತದೆ. ಆ ಅಂಕಿಯನ್ನು ಮೀರುವಂತಿಲ್ಲ.

ಅರ್ಜಿಯನ್ನು ಆರು ತಿಂಗಳು ಮುಂಚೆಯೇ ಹಾಕಬಹುದು. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ವೈದ್ಯಕೀಯ ವಿಮೆ ಬೇಕು. ದಿನ ಹೆಚ್ಚಿದಂತೆ, ವಯಸ್ಸು ಹೆಚ್ಚಿದಂತೆ ಅದರ ಕಂತೂ ಏರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಇರುವಷ್ಟೂ ದಿನಕ್ಕೆ, ಮೇಲೆ ಒಂದು ವಾರಕ್ಕೆ ಸೇರಿಸಿ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ.

ತೋಟದ ಕೆಲಸಕ್ಕೆ ನೀವೊಬ್ಬರೇ ಬೇಗ ಹಿಂದಿರುಗಿ, ನಿಮ್ಮ ಮನೆಯವರು ಮಗನ ಜೊತೆ ಇನ್ನೂ ಮೂರು ನಾಲ್ಕು ವಾರ ಉಳಿಯುವುದೂ ಒಳ್ಳೆಯ ಏರ್ಪಾಡು. ಹಾಗಿದ್ದರೆ ಅರ್ಜಿಯಲ್ಲೇ ಅವರಿಗೆ ಬೇರೆ ದಿನಗಳನ್ನು ಕೇಳಿ, ವಿಮೆಯನ್ನೂ ಅದಕ್ಕೆ ತಕ್ಕಂತೆ ಮಾಡಿಸಿ. ಅವರು ಒಬ್ಬರೇ ಮರಳುವಾಗ ನಡುವೆ ವಿಮಾನ ಬದಲಿಸಬೇಕಾಗಿ ಬಂದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಸಹಾಯ ಬೇಕೆಂದು ಬರೆಸಿ. ಒಂದು ಗೇಟಿನಿಂದ ಇನ್ನೊಂದಕ್ಕೆ ಸಿಬ್ಬಂದಿಯೇ ಕರೆದುಕೊಂಡು ಹೋಗುತ್ತಾರೆ.